ಕಾರು ಆಮೇಲೆ ನೋಡೋಣ, ಮೊದಲು ಮನೆ ಎಲ್ಲಿ ಹಿಡೀತೀಯ ಹೇಳು

ನಿನ್ನ ಪ್ರಶ್ನೆ ಬಂದಾಗ ನಾನು ಮೈಸೂರಲ್ಲೇ ಇದ್ದೆ, ಸರಸ್ವತಿಪುರಂನ ಅಮ್ಮನ ಮನೇಲಿ. ಮಂಡ್ಯದಿಂದ ದಿನಾ ರೈಲಲ್ಲಿ ಬೆಂಗಳೂರಿಗೆ ಪಾಸು ಮಾಡಿಸಿ ಓಡಾಡಿದವನು, ಮುಂದಿನ ತಿಂಗಳು ಅಮೆರಿಕದ ವಾಷಿಂಗ್ಟನ್ ರಾಜ್ಯದಲ್ಲಿ, ಸಿಯಾಟಲ್ ಪಕ್ಕದ ಬೆಲ್‌ವ್ಯೂನಲ್ಲಿ ಕೆಲಸಕ್ಕೆ ಸೇರ್ತೀಯ. ಇಳಿದ ವಾರವೇ ಕಾರು ತಗೋಬೇಕಾ, ಅಲ್ಲಿನ ಬಸ್ಸು ರೈಲು ನಂಬಬಹುದಾ, ತೆರಿಗೆ ಎಷ್ಟು ಹೋಗುತ್ತೆ ಅಂತ ಮೂರು ಕೇಳಿದ್ದೀಯ. ಬೇರೆಯವರು ಮೂರಕ್ಕೂ ಬೇರೆ ಬೇರೆ ಉತ್ತರ ಕೊಟ್ಟಾರು. ನನಗೆ ಮೂರೂ ಒಂದೇ ಗಂಟಿನ ಎಳೆಗಳು.

ಕಾರು ಬೇಕು, ಆದರೆ ಮೊದಲ ಆರು ತಿಂಗಳು ಬೇಡ. ಮನೆ ಹುಡುಕೋವಾಗ ಬಾಡಿಗೆ, ಈಜುಕೊಳ, ಜಿಮ್ಮು ಅಂತ ಫೋಟೋ ನೋಡ್ಕೊಂಡು ಕೂರಬೇಡ. ಬಾಗಿಲಿಂದ ಐದು ನಿಮಿಷ ನಡೆದರೆ ಯಾವ ಬಸ್ಸು, ಎಷ್ಟು ಹೊತ್ತಿಗೊಂದು, ಭಾನುವಾರ ಹೇಗೆ, ಇಷ್ಟು ನೋಡು. ರ್‍ಯಾಪಿಡ್‌ರೈಡ್ ಬಿ ಲೈನ್ ಅಂತ ಒಂದು ಕೆಂಪು ಬಸ್ಸಿದೆ. ಬೆಲ್‌ವ್ಯೂ ಪೇಟೆಯಿಂದ ಕ್ರಾಸ್‌ರೋಡ್ಸ್ ಬಡಾವಣೆ ಮೇಲೆ ಪಕ್ಕದೂರು ರೆಡ್ಮಂಡ್‌ಗೆ ಹೋಗುತ್ತೆ. ನಾನು ಅಲ್ಲಿಗೆ ಹೋದ 2011ರಲ್ಲೇ ಅದು ಶುರುವಾದದ್ದು, ಹಾಗಾಗಿ ನಾವಿಬ್ಬರೂ ಒಂದೇ ಬ್ಯಾಚು. ಆ ದಾರಿಯುದ್ದಕ್ಕೂ ನಮ್ಮವರು ತುಂಬಿದ್ದಾರೆ, ರಾಗಿಹಿಟ್ಟು ಹುಡುಕ್ಕೊಂಡು ದೂರ ಹೋಗೋ ಹಾಗಿಲ್ಲ.

ಭಾನುವಾರ ಅಂದೆನಲ್ಲ, ಅದು ಅನುಭವದ ಮಾತು. ಅಲ್ಲಿಗೆ ಹೋದ ಹೊಸದರಲ್ಲಿ ಸ್ನೇಹಿತನ ಮನೆ ಊಟಕ್ಕೆ ಹೊರಟವನು ವಾರದ ದಿನದ ವೇಳಾಪಟ್ಟಿ ನೋಡಿಕೊಂಡು ಹೋದೆ. ಅವತ್ತು ಭಾನುವಾರ, ಡಿಸೆಂಬರು. ಅಲ್ಲಿ ಡಿಸೆಂಬರಲ್ಲಿ ನಾಲ್ಕೂಕಾಲಿಗೆಲ್ಲ ಹೊತ್ತು ಮುಳುಗುತ್ತೆ. ಜಡಿಮಳೆ, ಕೈಲಿ ಹುಳಿಯ ಡಬ್ಬ, ರಸ್ತೇಲಿ ಒಂದು ನರಪಿಳ್ಳೆ ಇಲ್ಲ. ಮುಕ್ಕಾಲು ಗಂಟೆ ನಿಂತೆ. ಮಂಡ್ಯ ಬಸ್ ಸ್ಟ್ಯಾಂಡಿನಲ್ಲಾದರೆ ಅಷ್ಟು ಹೊತ್ತಿಗೆ ನಾಲ್ಕು ಜನರ ಪರಿಚಯವಾಗಿ ಒಂದು ಟೀ ಮುಗಿದಿರೋದು. ಕೊನೆಗೂ ಬಂದ ಬಸ್ಸಲ್ಲಿ ನಾನು, ಡ್ರೈವರು, ಹಿಂದೆ ನಿದ್ದೆ ಹೊಡೀತಿದ್ದ ಒಬ್ಬ ಹುಡುಗ. ತಪ್ಪು ನನ್ನದೇ. ಆವತ್ತಿಂದ ಬಸ್ಸು ಇದೆಯಾ ಅಂತ ಕೇಳೋದು ಬಿಟ್ಟು, ಎಷ್ಟು ಹೊತ್ತಿಗೊಂದು ಇದೆ ಅಂತ ಕೇಳೋದು ಕಲಿತೆ.

ಒಂದು ವಿಷಯ ನಿನಗೆ ಇಷ್ಟವಾಗುತ್ತೆ. ಗಾಲಿಕುರ್ಚಿಯವರು ನಿಂತಿದ್ದರೆ ಬಸ್ಸು ಉಸ್ಸಂತ ಪಕ್ಕಕ್ಕೆ ಬಾಗಿ, ಹಲಗೆ ಬಿಚ್ಚಿ, ಅವರನ್ನು ಹತ್ತಿಸಿಕೊಂಡು ಪಟ್ಟಿ ಕಟ್ಟೋವರೆಗೂ ಎಲ್ಲರೂ ಸುಮ್ಮನೆ ಕಾಯ್ತಾರೆ. ಇಳಿಯೋವಾಗ ಡ್ರೈವರಿಗೆ ಥ್ಯಾಂಕ್ಯೂ ಹೇಳ್ತಾರೆ. ಕಂಡಕ್ಟರ್ ಇಲ್ಲ, ರೈಟ್ ರೈಟ್ ಇಲ್ಲ, ಕಿಟಕಿಯಿಂದ ಟವಲ್ ಹಾಕಿ ಸೀಟು ಹಿಡಿಯೋ ಪ್ರಮೇಯ ಇಲ್ಲವೇ ಇಲ್ಲ. ಓರ್ಕಾ ಅಂತ ಒಂದು ಕಾರ್ಡು, ತೋರಿಸಿ ಹತ್ತೋದು. ಎರಡು ಗಂಟೆಯೊಳಗೆ ಬಸ್ಸಿಂದ ರೈಲಿಗೆ ಬದಲಾಯಿಸಿದರೆ ಮತ್ತೆ ಪೂರ್ತಿ ಟಿಕೆಟ್ ಹಿಡಿಯಲ್ಲ. ದೊಡ್ಡ ಕಂಪನಿಗಳಲ್ಲಿ ಬಹಳಷ್ಟು ಈ ಕಾರ್ಡನ್ನು ತಾವೇ ಕೊಡ್ತವೆ. ಕೆಲಸಗಾರರು ಒಬ್ಬೊಬ್ಬರೇ ಕಾರಲ್ಲಿ ಬರೋದನ್ನು ಕಡಿಮೆ ಮಾಡಿಸಿ ಅಂತ ದೊಡ್ಡ ಕಂಪನಿಗಳ ಮೇಲೆ ಹೊಣೆ ಹೊರಿಸೋ ರಾಜ್ಯದ ಕಾನೂನು 1991ರಿಂದಲೇ ಇದೆ. ಸೇರಿದ ದಿನವೇ ಎಚ್‌ಆರ್ ಹತ್ತಿರ ಕೇಳಿ ಇಸ್ಕೋ, ನಾಚಿಕೋಬೇಡ.

ಈಗ ದುಡ್ಡಿನ ಮಾತು. ನಮ್ಮಂಥ ಸಂಬಳದವರಿಗೆ ವಾಷಿಂಗ್ಟನ್ ರಾಜ್ಯದ ಆದಾಯ ತೆರಿಗೆ ಇಲ್ಲ, ಕೇಂದ್ರದ್ದು ಮಾತ್ರ. ಹಾಗಂತ ಹಿಗ್ಗಬೇಡ. ಅಕ್ಕಿ ಬೇಳೆ ತರಕಾರಿಯಂಥವು ಬಿಟ್ಟು ಅಂಗಡೀಲಿ ಕೊಳ್ಳೋ ಬಹುಪಾಲು ಸಾಮಾನಿಗೆ ಶೇ 10 ದಾಟಿದ ಸೇಲ್ಸ್ ಟ್ಯಾಕ್ಸ್. ಅದರಲ್ಲಿ ಶೇ 1.4 ರೈಲು ಕಟ್ಟೋ ಸೌಂಡ್ ಟ್ರಾನ್ಸಿಟ್‌ಗೆ, ಶೇ 0.9 ಬಸ್ಸು ಓಡಿಸೋ ಕಿಂಗ್ ಕೌಂಟಿ ಮೆಟ್ರೋಗೆ (ಕೌಂಟಿ ಅಂದರೆ ನಮ್ಮ ಜಿಲ್ಲೆ ಇದ್ದ ಹಾಗೆ). ಹೋಟೆಲಲ್ಲಿ 15 ಡಾಲರಿನ ಮಸಾಲೆ ದೋಸೆ ತಿಂದರೆ 34.5 ಸೆಂಟ್ ಬಸ್ಸು ರೈಲಿಗೆ ಹೋಯ್ತು ಅಂತ ಲೆಕ್ಕ. ಬಸ್ಸು ಹತ್ತದೇ ಇದ್ದರೂ ನೀನು ಟಿಕೆಟ್ ತಗೊಂಡ ಹಾಗೇ. ಹಾಗಿದ್ದಮೇಲೆ ಹತ್ತಿಬಿಡೋದು ವಾಸಿ.

ಕಾರು ತಗೊಂಡ ಮೇಲೆ ನಿಜವಾದ ಬಿಸಿ ತಟ್ಟೋದು. ವರ್ಷಕ್ಕೊಮ್ಮೆ ಟ್ಯಾಬ್ ಅಂತ ಒಂದು ಬಿಲ್ಲು ಬರುತ್ತೆ. ಕಟ್ಟಿದರೆ ನಂಬರ್ ಪ್ಲೇಟಿನ ಮೂಲೆಗೆ ಅಂಟಿಸೋಕೆ ಹೆಬ್ಬೆರಳಗಲದ ಸ್ಟಿಕರ್ ಕೊಡ್ತಾರೆ. ಕಾರಿನ ಬೆಲೆಯ ಮೇಲೆ ಶೇ 1.1 ರೈಲಿಗೇ ಹೋಗುತ್ತೆ, 30,000 ಡಾಲರಿನ ಕಾರಾದರೆ 330. ಬೆಲೆ ಕಟ್ಟೋ ಪಟ್ಟಿಯೂ ಹಳೇದು. ಹೊಸ ಕಾರಾದರೆ ಮಾರಿದರೆ ಬರೋ ದುಡ್ಡಿಗಿಂತ ಪಟ್ಟಿಯಲ್ಲಿ ಜಾಸ್ತಿ ಇರುತ್ತೆ. ಜನ ಸಿಟ್ಟಿಗೆದ್ದು 2019ರಲ್ಲಿ ಟ್ಯಾಬ್ 30 ಡಾಲರ್ ಮಾಡಿ ಅಂತ ರಾಜ್ಯಾದ್ಯಂತ ಓಟು ಹಾಕಿ ಗೆದ್ದರು. ಮುಂದಿನ ವರ್ಷ ರಾಜ್ಯದ ಸುಪ್ರೀಂ ಕೋರ್ಟು ಅದನ್ನು ಹೊಡೆದುಹಾಕಿತು. ನಮ್ಮಲ್ಲಿ ಕಾರು ತಗೊಂಡ ದಿನವೇ ಬೆಲೆ ನೋಡಿ ಶೇ 13ರಿಂದ 18ರವರೆಗೆ ಲೈಫ್‌ಟೈಮ್ ಟ್ಯಾಕ್ಸ್ ಕಟ್ಟಿ, ಮಾರನೇ ದಿನ ಮರೆತುಬಿಡ್ತೀವಿ. ಅವರು ಕಟ್ಟೋದು ಕಡಿಮೆ, ಆದರೆ ವರ್ಷವರ್ಷ ಕಟ್ಟೋದರಿಂದ ವರ್ಷವರ್ಷ ಬೈತಾರೆ, ಆ ದುಡ್ಡು ಯಾವ ಸ್ಟೇಷನ್ನಿಗೆ ಹೋಯ್ತು ಅಂತ ಕೇಳ್ತಾರೆ. ನನಗೆ ಆ ಬೈಗುಳ ಇಷ್ಟ.

ಯಾಕೆಂದರೆ ಅಲ್ಲಿ ರೈಲು ಸರ್ಕಾರ ಕೊಟ್ಟದ್ದಲ್ಲ, ಜನ ಓಟು ಹಾಕಿ ತಮ್ಮ ಜೇಬಿಗೆ ತಾವೇ ಕೈ ಹಾಕಿಕೊಂಡದ್ದು. 1968ರಲ್ಲೂ 1970ರಲ್ಲೂ ಮೆಟ್ರೋ ರೈಲು ಕಟ್ಟೋಣವಾ ಅಂತ ಓಟಿಗಿಟ್ಟರು. 1968ರಲ್ಲಿ ಅರ್ಧಕ್ಕಿಂತ ತುಸು ಜಾಸ್ತಿ ಜನ ಹೂಂ ಅಂದರು, ಆದರೆ ನಿಯಮದ ಪ್ರಕಾರ ಶೇ 60 ಬೇಕಿತ್ತು. ಎರಡನೇ ಸಲ ಅದೂ ಇಲ್ಲ. ಕೇಂದ್ರ ಕೊಡಬೇಕಿದ್ದ ಸುಮಾರು 90 ಕೋಟಿ ಡಾಲರ್ ಅಟ್ಲಾಂಟಾಗೆ ಹೋಯ್ತು, ಅವರು ಮೆಟ್ರೋ ಕಟ್ಟಿಕೊಂಡರು. ಸಿಯಾಟಲ್‌ನ ಹಳಬರು ಇವತ್ತಿಗೂ ಈ ಕತೆ ಹೇಳಿ ಹಲುಬ್ತಾರೆ. ಆಮೇಲೆ 1996, 2008, 2016ರಲ್ಲಿ ಒಪ್ಪಿಗೆ ಸಿಕ್ಕಿತು. ಕೊನೇದು 5,400 ಕೋಟಿ ಡಾಲರಿನ ಯೋಜನೆ. ಮೂರು ಜಿಲ್ಲೆಗಳ ಓಟು ಒಟ್ಟಿಗೆ ಎಣಿಸಿದ್ದರಿಂದ, ಬೇಡ ಅಂದ ಪಿಯರ್ಸ್ ಕೌಂಟಿಯವರೂ ಈಗ ಕಟ್ಟಬೇಕು. ಆ ಗೊಣಗಾಟ ನಿಂತಿಲ್ಲ, ಖರ್ಚಂತೂ ಆಗ ಅಂದುಕೊಂಡದ್ದಕ್ಕಿಂತ ಬಹಳ ಏರಿದೆ.

2016ರ ಆ ಓಟಿನ ಹೊತ್ತಲ್ಲಿ ನಮ್ಮ ಪಕ್ಕದ ಮನೇಲಿ ಒಂದು ನೋಟ ನೋಡಿದೆ. ಅಲ್ಲಿ ಮತಪತ್ರ ಅಂಚೇಲಿ ಮನೆಗೇ ಬರುತ್ತೆ, ಜತೆಗೊಂದು ಪುಸ್ತಕ. ಅದರಲ್ಲಿ ಪರ ಇರೋರ ವಾದ, ವಿರೋಧಿಗಳ ವಾದ, ಒಬ್ಬರಿಗೊಬ್ಬರ ಉತ್ತರ. ಅಡುಗೆಮನೆ ಮೇಜಿನ ಮೇಲೆ ಅದನ್ನು ಹರಡಿಕೊಂಡು ಗಂಡ, ಮೂರು ಕಾರಿನ ಟ್ಯಾಬ್ ಎಷ್ಟಾಗುತ್ತೆ ಅಂತ ಲಕೋಟೆ ಹಿಂದೆ ಲೆಕ್ಕ ಹಾಕಿ ಬೇಡ ಅಂತ ಗುರುತು ಮಾಡಿದ. ಹೆಂಡತಿ ಕಾಫಿ ಹೀರುತ್ತಾ ಬೇಕು ಅಂತ ಮಾಡಿದಳು. ಒಂದೇ ಮನೆಯ ಎರಡು ಓಟು ಒಂದನ್ನೊಂದು ಹೊಡೆದುಕೊಂಡು ಸೊನ್ನೆ. ನಾನು ವೀಸಾದಲ್ಲಿದ್ದವನು, ನನಗೆ ಓಟಿಲ್ಲ, ತೆರಿಗೆ ಮಾತ್ರ. ನಿನಗೂ ಹಾಗೇ.

ರೈಲು ನಂಬಬಹುದಾ ಅಂದೆಯಲ್ಲ. ನಮ್ಮ ಬೆಲ್‌ವ್ಯೂ ಕಡೆಗೆ ರೈಲು ತರ್ತೀವಿ ಅಂತ 2008ರಲ್ಲಿ ಓಟಾಯ್ತು, 2 ಲೈನ್ ಅನ್ನೋ ಆ ರೈಲು ಓಡಿದ್ದು 2024ರ ಏಪ್ರಿಲಲ್ಲಿ. ಹದಿನಾರು ವರ್ಷ! ಲೇಕ್ ವಾಷಿಂಗ್ಟನ್ ಕೆರೆ ದಾಟೋದು ತೇಲುವ ಸೇತುವೆ ಮೇಲೆ. ಆ ಭಾಗದಲ್ಲಿ ಹಳಿ ಕೂರಿಸೋ ಕಾಂಕ್ರೀಟ್ ಸರಿಯಿಲ್ಲ ಅಂತ ಒಡೆದು ಮತ್ತೆ ಮಾಡಬೇಕಾಯ್ತು. ಅದಕ್ಕೇ ಸಿಯಾಟಲ್ ಸೇರದ ರೈಲನ್ನು ಮೊದಲು ಬೆಲ್‌ವ್ಯೂ, ರೆಡ್ಮಂಡ್ ನಡುವೆ ಮಾತ್ರ ಬಿಟ್ಟರು. ಮಂಡ್ಯದವನಿಗೆ ಇದೇನೂ ಹೊಸದಲ್ಲ. ಬೆಂಗಳೂರು ಮೈಸೂರು ಜೋಡಿ ಹಳಿಗೆ ಕಾದವರಲ್ಲವಾ ನಾವು. ಬಂದ ಮೇಲೆ ಮಾತ್ರ ರೈಲು ಚೆನ್ನಾಗಿದೆ, ಎಲ್ಲಿಗೆ ಹೋದರೂ 3 ಡಾಲರ್. 18 ವರ್ಷದವರೆಗಿನ ಮಕ್ಕಳಿಗೆ 2022ರಿಂದ ಬಸ್ಸು ರೈಲು ಎರಡೂ ಪುಕ್ಕಟೆ.

ಆದರೂ ನನ್ನ ಓಟು ಬಸ್ಸಿಗೇ. 2014ರ ಏಪ್ರಿಲಲ್ಲಿ ಬಸ್ಸಿಗೆ ದುಡ್ಡು ಬೇಕು ಅಂದಾಗ ಇಡೀ ಕೌಂಟಿ ಇಲ್ಲ ಅಂತು. ನವೆಂಬರಲ್ಲಿ ಸಿಯಾಟಲ್ ನಗರದವರು ಮಾತ್ರ ನಾವೇ ಕಟ್ಟಿಕೊಳ್ತೀವಿ ಅಂತ ಓಟು ಹಾಕಿ, ತಮ್ಮ ಊರಿಗೆ ಹೆಚ್ಚುವರಿ ಟ್ರಿಪ್‌ಗಳನ್ನು ದುಡ್ಡು ಕೊಟ್ಟು ಕೊಂಡರು. ಹದಿನಾರು ವರ್ಷ ಕಾಯಲಿಲ್ಲ. ಮೈಸೂರಿಗೆ ಆಗಬೇಕಾದ್ದೂ ಇದೇ ಅನ್ಸುತ್ತೆ. ಬಸ್ಸು ಎಷ್ಟು ಹೊತ್ತಿಗೆ ಬರುತ್ತೆ ಅಂತ ಬೋರ್ಡಲ್ಲಿ ತೋರಿಸೋ ವ್ಯವಸ್ಥೆ ಈ ಊರಿಗೆ 2012ರಲ್ಲೇ ಬಂದಿತ್ತು. 2023ರ ಜೂನಿಂದ ಶಕ್ತಿ ಯೋಜನೆಯಲ್ಲಿ ಹೆಂಗಸರ ಟಿಕೆಟ್ ದುಡ್ಡು ರಾಜ್ಯವೇ ಕೊಡ್ತಿದೆ, ಅಮ್ಮ ಈಗ ಆಟೋ ಮಾತೇ ಎತ್ತಲ್ಲ. ಹತ್ತೋ ಜನ ಬಂದಾಯ್ತು. ಇನ್ನು ಹತ್ತು ನಿಮಿಷಕ್ಕೊಂದು ಬಸ್ಸು ಬೇಕು ಅಂತ ಸ್ಕೂಟರ್ ಇರೋ ನಾವೂ ಗಂಟಲು ತೆಗೀಬೇಕಷ್ಟೆ.

ಮಳೆಗೆ ಛತ್ರಿ ಬೇಡ, ಟೋಪಿಯಿರೋ ಜರ್ಕಿನ್ ತಗೋ. ನೀನು ಇಳಿಯೋ ಹೊತ್ತಿಗೆ ನಾನು ವಾಪಸ್ ಹೋಗಿರ್ತೀನಿ. ಎರಡು ಸೂಟ್‌ಕೇಸ್ ಇರುತ್ತಲ್ಲ, ಏರ್‌ಪೋರ್ಟಿಗೆ ಕಾರು ತರ್ತೀನಿ. ಅದಾದ ಭಾನುವಾರ ಮುದ್ದೆ ಊಟಕ್ಕೆ ಮಾತ್ರ ನೀನೇ ಬಿ ಲೈನ್ ಹಿಡಿದು ಬರಬೇಕು. ಭಾನುವಾರದ ವೇಳಾಪಟ್ಟಿ ನೋಡ್ಕೊಂಡು ಬಾ.