ಹುಟ್ಟಿದ ಇಸವಿಯಿಂದ ಶುರು ಮಾಡಬೇಡಿ

ನಮಸ್ಕಾರ. ಗೋವಾದ ಕೊನೆಯ ಪೋರ್ಚುಗೀಸ್ ಗವರ್ನರ್ ಜನರಲ್ ವಸಾಲೋ ಇ ಸಿಲ್ವಾ ಬಗ್ಗೆ ನೀವು ಕಳಿಸಿದ ಲೇಖನವನ್ನು ಎರಡು ಸಲ ಓದಿದೆ. ಈಗಿರುವ ಹಾಗೆ ಹಾಕಲು ಆಗುವುದಿಲ್ಲ. ವಾಪಸ್ ಕಳಿಸಿ ಸುಮ್ಮನಾಗಲೂ ಮನಸ್ಸು ಬರಲಿಲ್ಲ, ಅದಕ್ಕೇ ಇಷ್ಟುದ್ದ ಬರೆಯುತ್ತಿದ್ದೇನೆ.

ಮೊದಲ ಐದು ಪುಟದಲ್ಲಿ ಏನಿದೆ? ಹುಟ್ಟಿದ್ದು 1899, ಊರು ತೊರೆಸ್ ನೋವಾಸ್, ಸೈನ್ಯದಲ್ಲಿ ಎಂಜಿನಿಯರ್, 1958ರಲ್ಲಿ ಗೋವಾಕ್ಕೆ. ಎಲ್ಲ ಸರಿ. ಆದರೆ ಅರ್ಜಿ ಫಾರಂ ತುಂಬಿದ ಹಾಗಿದೆ, ಅಲ್ವಾ? ಆರನೇ ಪುಟದ ಕೊನೆಗೆ, ಏನೋ ನೆನಪಾದವರಂತೆ, ಪೋರ್ಚುಗಲ್ ಸರ್ವಾಧಿಕಾರಿ ಸಲಾಜಾರ್ ಮಾತು ಮೀರಿ ಭಾರತಕ್ಕೆ ಶರಣಾದರು ಎಂದು ಒಂದೇ ಸಾಲಿನಲ್ಲಿ ಮುಗಿಸಿದ್ದೀರಿ. ಮಾರಾಯರೇ, ಲೇಖನ ಇರುವುದೇ ಆ ಸಾಲಿನಲ್ಲಿ!

1961ರ ಡಿಸೆಂಬರ್ 14ರಂದು ಲಿಸ್ಬನ್‌ನಿಂದ ಬಂದ ಸಂದೇಶ ನೋಡಿ. ಕದನವಿರಾಮ ಬೇಡ, ಯಾರೂ ಸೆರೆ ಸಿಕ್ಕಬಾರದು. ಗೆಲ್ಲಬೇಕು, ಇಲ್ಲ ಸಾಯಬೇಕು. ಈ ಮನುಷ್ಯನ ಕೈಯಲ್ಲಿದ್ದದ್ದು ಮೂರು ಸಾವಿರ ಚಿಲ್ಲರೆ ಸೈನಿಕರು. ಟ್ಯಾಂಕ್ ಹೊಡೆಯುವ ಗ್ರೆನೇಡ್ ಬೇಕೆಂದು ಗುಟ್ಟಿನ ಭಾಷೆಯಲ್ಲಿ 'ಸಾಸೇಜ್' ಕಳಿಸಿ ಎಂದರೆ, ತಿನ್ನುವ ಸಾಸೇಜೇ ವಿಮಾನದಲ್ಲಿ ಬಂತು ಎಂಬ ಕತೆಯಿದೆ. ಅದನ್ನು ನೀವು ಅಡಿಟಿಪ್ಪಣಿಗೆ ತಳ್ಳಿದ್ದೀರಿ. ಮೇಲೆ ತನ್ನಿ. ಕತೆ ಅಂತಲೇ ಬರೆಯಿರಿ, ದಾಖಲೆ ಅನ್ನಬೇಡಿ.

'ಮಹಾನ್ ಮಾನವತಾವಾದಿ' ಏಳು ಸಲ ಬಂದಿದೆ. ಎಣಿಸಿದೆ! ಏಳನ್ನೂ ಹೊಡೆದುಹಾಕಿ. ಗೋವಾ ಬಿಡುಗಡೆಗೆ ಹೋರಾಡಿದ ಮೋಹನ ರಾನಡೆ ಆಗ್ವಾದ ಜೈಲಿನಲ್ಲಿ ಕೊಳೆಯುತ್ತಿದ್ದಾಗ ಅಧಿಕಾರ ಇವರದ್ದೇ. ಆ ಬಗ್ಗೆ ನಿಮ್ಮಲ್ಲಿ ಒಂದಕ್ಷರವಿಲ್ಲ. ಜನರನ್ನು ಜೈಲಿನಲ್ಲಿಟ್ಟ ಆಡಳಿತ ನಡೆಸಿದವರೂ ಅವರೇ, ಸುಮ್ನೆ ಸಾಯಿಸುವುದು ಬೇಡ ಎಂದವರೂ ಅವರೇ. ಎರಡೂ ಪಕ್ಕಪಕ್ಕ ಇರಲಿ, ಓದುವವರು ತೂಗಿಕೊಳ್ಳುತ್ತಾರೆ.

ಇನ್ನೊಂದು. ನೀವು ಬೆಳಗಾವಿಯವರು. ಭಾರತದ ಸೈನ್ಯ ಗೋವಾಕ್ಕೆ ಹೊರಡುವ ಮುಂಚೆ ಜಮಾಯಿಸಿದ್ದು ನಿಮ್ಮ ಕಡೆಯೇ. ಆ ಲಾರಿಗಳ ಸಾಲು ನೋಡಿದ ಅಜ್ಜ ಅಜ್ಜಿಯರು ಓಣಿಯಲ್ಲಿ ಇನ್ನೂ ಸಿಕ್ಕಾರು. ಹೋಗಿ ಕೇಳಿ. ನನಗೆ ಇಲ್ಲಿ ಕೂತು ಆ ಭಾಗ್ಯವಿಲ್ಲ.

ಶುರು ಎಲ್ಲಿಂದ ಅಂದರೆ, ಡಿಸೆಂಬರ್ 19ರ ರಾತ್ರಿ ಎಂಟೂವರೆಯಿಂದ. ಕಾರಿನ ಹೆಡ್‌ಲೈಟ್ ಬೆಳಕಿನಲ್ಲಿ ಶರಣಾಗತಿ, 451 ವರ್ಷದ ಆಳ್ವಿಕೆಗೆ ಒಂದು ಸಹಿ. ಆಮೇಲೆ ಸೈನ್ಯದಿಂದ ಹೊರಹಾಕಿದ್ದು, ಪೋರ್ಚುಗಲ್‌ನ 1974ರ ಕ್ರಾಂತಿಯ ನಂತರ ಮತ್ತೆ ಸೇರಿಸಿಕೊಂಡದ್ದು, ಎರಡು ಪ್ಯಾರಾ ಸಾಕು. ಒಟ್ಟು ಎಂಟು ಪುಟ ದಾಟಬೇಡಿ.

1980ರಲ್ಲಿ ಅವರು ಗೋವಾಕ್ಕೆ ಮರಳಿ ಬಂದಾಗ ಜನ ಆದರದಿಂದ ಕಂಡ ಭಾಗ ಚೆನ್ನಾಗಿದೆ. ಅಲ್ಲಿ ನೀವು ಒಂದು ವಿಶೇಷಣವನ್ನೂ ಹಾಕಿಲ್ಲ. ಅದನ್ನು ಮಾತ್ರ ಮುಟ್ಟಬೇಡಿ.