ಗ್ಯಾರೇಜ್ ಮಾತು: ನಿಂತಾಗ ಮಾತ್ರ ಸೋರುವ ಕಾರ್ವೆಟ್

ಪ್ರಶ್ನೆ: ನನ್ನ ಹತ್ತಿರ 1973ರ ಕಾರ್ವೆಟ್ ಕಾರು ಇದೆ. ಟರ್ಬೊ 400 ಆಟೊಮ್ಯಾಟಿಕ್ ಗೇರ್‌ಬಾಕ್ಸ್. ಬೇಸಿಗೆಯಲ್ಲಿ ವಾರಕ್ಕೆರಡು ಸಲ ಓಡಿಸುತ್ತೇನೆ, ಆಗ ಒಂದು ಹನಿಯೂ ಬೀಳುವುದಿಲ್ಲ. ನವೆಂಬರ್‌ನಲ್ಲಿ ಒಳಗೆ ನಿಲ್ಲಿಸಿ ಏಪ್ರಿಲ್‌ನಲ್ಲಿ ತೆಗೆದರೆ ಅಡಿಯಲ್ಲಿ ಊಟದ ತಟ್ಟೆಯಷ್ಟು ಅಗಲ ಕೆಂಪು ಎಣ್ಣೆ. ಗೇರ್‌ಬಾಕ್ಸ್ ಅಡಿಯ ಎಣ್ಣೆ ತಟ್ಟೆ, ಅಂದರೆ ಪ್ಯಾನ್, ಅದರ ಗ್ಯಾಸ್ಕೆಟ್ ಎರಡು ಸಲ ಬದಲಾಯಿಸಿದ್ದಾಯಿತು. ಇಲ್ಲಿನ ಒಂದು ವರ್ಕ್‌ಶಾಪ್‌ನವರು ಗೇರ್‌ಬಾಕ್ಸ್ ಪೂರ್ತಿ ಬಿಚ್ಚಿ ಕಟ್ಟಬೇಕು ಅನ್ನುತ್ತಾರೆ. ಏನು ಮಾಡಲಿ ಸರ್?
(ಟ್ರಾಯ್, ಮಿಷಿಗನ್‌ನಿಂದ ಒಬ್ಬ ಓದುಗರು)

ಉತ್ತರ: ಸದ್ಯಕ್ಕೆ ಬಿಚ್ಚಿಸಬೇಡಿ. ನಿಮ್ಮ ಪ್ರಶ್ನೆಯಲ್ಲೇ ಅರ್ಧ ಉತ್ತರ ಇದೆ. ಓಡುವಾಗ ಸೋರುವುದಿಲ್ಲ, ನಿಂತರೆ ಸೋರುತ್ತದೆ ಅಂದಿರಲ್ಲ, ಅದೇ.

ಎಂಜಿನ್ ಮತ್ತು ಗೇರ್‌ಬಾಕ್ಸ್ ಮಧ್ಯೆ, ಎಂಜಿನ್ನಿನ ತಿರುಗುವ ಬಲವನ್ನು ಎಣ್ಣೆಯ ಮೂಲಕ ದಾಟಿಸುವ ಟಾರ್ಕ್ ಕನ್ವರ್ಟರ್ ಇದೆ. ಓಡುವಾಗ ಅದರ ಹೊಟ್ಟೆ ತುಂಬಾ ಎಣ್ಣೆ. ಗಾಡಿ ತಿಂಗಳುಗಟ್ಟಲೆ ನಿಂತರೆ ಆ ಎಣ್ಣೆ ನಿಧಾನವಾಗಿ ಕೆಳಗಿನ ಪ್ಯಾನ್‌ಗೆ ಇಳಿಯುತ್ತದೆ. ಪ್ಯಾನ್ ತುಂಬಿ ಮಟ್ಟ ಮೇಲೇರುತ್ತದೆ. ಮಾಮೂಲಿಯಾಗಿ ಎಣ್ಣೆ ಮುಟ್ಟದ ಎತ್ತರದಲ್ಲಿ, ಡ್ರೈವರ್ ಕಡೆ (ನಿಮ್ಮ ಗಾಡಿಯಲ್ಲಿ ಎಡಬದಿ), ಗೇರ್ ಲಿವರ್‌ನ ಶಾಫ್ಟ್ ಹೊರಬರುವ ಜಾಗಕ್ಕೆ ಒಂದು ಸಣ್ಣ ರಬ್ಬರ್ ಸೀಲ್ ಇದೆ. ಐವತ್ತು ವರ್ಷ ಆದ ರಬ್ಬರ್ ಹಪ್ಪಳದ ಹಾಗೆ ಗಟ್ಟಿಯಾಗಿರುತ್ತದೆ. ಎಣ್ಣೆ ಅಲ್ಲಿಂದ ಜಿನುಗಿ, ಗೇರ್‌ಬಾಕ್ಸಿನ ಹೊರಕವಚದ (ಕೇಸ್) ಮೇಲೆ ಹರಿದು, ಪ್ಯಾನ್ ಅಂಚಿಗೆ ಬಂದು ತೊಟ್ಟಿಕ್ಕುತ್ತದೆ. ನೋಡಿದವರೆಲ್ಲ ಗ್ಯಾಸ್ಕೆಟ್ ಅನ್ನುತ್ತಾರೆ. ನಮ್ಮ ತೀರ್ಥಹಳ್ಳಿ ಮನೆಯಲ್ಲೂ ಹೀಗೇ ಆಗುತ್ತಿತ್ತು. ಹನಿ ಬೀಳುವುದು ಅಡುಗೆಮನೆಯಲ್ಲಿ, ಹಂಚು ಒಡೆದಿರುವುದು ಜಗಲಿಯ ಮೇಲೆ.

ಇದೇ ಹೌದಾ ಅಂತ ತಿಳಿಯಲು, ಮುಂದಿನ ಸಲ ಎರಡು ಮೂರು ವಾರ ನಿಂತ ಗಾಡಿಯನ್ನು ಸ್ಟಾರ್ಟ್ ಮಾಡುವ ಮೊದಲೇ ಡಿಪ್‌ಸ್ಟಿಕ್ ಎಳೆದು ನೋಡಿ. ಎಣ್ಣೆ ಫುಲ್ ಗೆರೆಗಿಂತ ತುಂಬಾ ಮೇಲಿದ್ದರೆ ಕನ್ವರ್ಟರ್ ಇಳಿದಿದೆ ಅಂತ ಅರ್ಥ. ಜಾಸ್ತಿಯಾಗಿದೆ ಅಂತ ಹೆದರಿ ಆ ಎಣ್ಣೆ ತೆಗೆದೀರಿ ಮತ್ತೆ! ಸ್ಟಾರ್ಟ್ ಆದ ಮೇಲೆ ಮಟ್ಟ ಪಾತಾಳಕ್ಕೆ ಇಳಿದು ಒಳಗಿನ ಕ್ಲಚ್ ಪ್ಲೇಟ್ ಸುಟ್ಟುಹೋಗುತ್ತವೆ. ನಿಜವಾದ ಅಳತೆ ನೋಡುವುದು ಎಣ್ಣೆ ಬಿಸಿಯಾಗಿ, ಎಂಜಿನ್ ಓಡುತ್ತಾ, ಗೇರ್ ಪಾರ್ಕ್‌ನಲ್ಲಿ ಇರುವಾಗ.

ಜಾಗ ಹುಡುಕಲು ಪೌಡರ್ ಸಾಕು. ಕೇಸನ್ನು ಡಿಗ್ರೀಸರ್ ಹಾಕಿ ತೊಳೆದು ಒಣಗಿಸಿ, ಮಕ್ಕಳ ಪೌಡರ್ ಉದುರಿಸಿ. ಬಿಳಿಯ ಮೇಲೆ ಕೆಂಪು ಗೆರೆ ಕಾಣುತ್ತದೆ. ಆ ಗೆರೆ ಶುರುವಾಗುವ ಜಾಗ ನೋಡಿ, ಮುಗಿಯುವ ಜಾಗ ಅಲ್ಲ. ಅದೇ ಬದಿಯಲ್ಲಿ ವೈರ್ ಕನೆಕ್ಟರ್ ಒಳಹೋಗುವಲ್ಲೂ ಒಂದು ಒ-ರಿಂಗ್ ಇದೆ. ಅದಕ್ಕೂ ಅದೇ ವಯಸ್ಸು.

ಶಾಫ್ಟ್ ಸೀಲ್ ಬದಲಾಯಿಸಲು ಗೇರ್‌ಬಾಕ್ಸ್ ಇಳಿಸಬೇಕಿಲ್ಲ. ಪ್ಯಾನ್ ಮತ್ತು ಫಿಲ್ಟರ್ ತೆಗೆದು, ಒಳಗಿನ ಲಿವರ್‌ನ ನಟ್ ಸಡಿಲಿಸಿ, ಶಾಫ್ಟನ್ನು ಹಿಡಿದಿರುವ ಮೊಳೆಯಂಥ ಪಿನ್ ಕಿತ್ತರೆ ಶಾಫ್ಟ್ ಹೊರಗೆ ಜಾರುತ್ತದೆ. ಹಳೇ ಸೀಲ್ ಮೀಟಿ ತೆಗೆಯಿರಿ. ಹೊಸದನ್ನು ಸರಿಯಾದ ಅಳತೆಯ ಸಾಕೆಟ್ ಇಟ್ಟು ನೆಟ್ಟಗೆ ತಟ್ಟಿ ಕೂರಿಸಿ. ಶಾಫ್ಟ್ ವಾಪಸ್ ಹಾಕುವ ಮುಂಚೆ ಅದರ ತುದಿಯ ಚೂಪು ಅಂಚನ್ನು ನುಣುಪು ಮರಳು ಕಾಗದದಿಂದ ಉಜ್ಜಿ. ಇಲ್ಲದಿದ್ದರೆ ಹೊಸ ಸೀಲ್ ಒಳಗೆ ಹೋಗುವಾಗಲೇ ಕುಯ್ದುಕೊಳ್ಳುತ್ತದೆ.

ಪ್ಯಾನ್ ಬಿಗಿಯುವಾಗ ತೋಳಿನ ಬಲ ತೋರಿಸಬೇಡಿ. ಟಾರ್ಕ್ ವ್ರೆಂಚ್‌ನಲ್ಲಿ 12 ಫೂಟ್-ಪೌಂಡ್ ಅಷ್ಟೇ. ಡೆಟ್ರಾಯ್ಟ್ ಪಕ್ಕದ ಒಂದು ಶಾಪ್‌ನಲ್ಲಿ ಸೇರಿದ ಹೊಸತರಲ್ಲಿ ನಾನು 'ಸೋರಬಾರದು' ಅಂತ ಜಗ್ಗಿ ಬಿಗಿದೆ. ಪ್ಯಾನ್‌ನ ತಗಡು ಬೋಲ್ಟ್ ತೂತುಗಳ ಸುತ್ತ ಗುಳಿ ಬಿದ್ದು, ಮೊದಲಿಗಿಂತ ಜೋರಾಗಿ ಸೋರಿತು. ಮೇಸ್ತ್ರಿ ಏನೂ ಬೈಯಲಿಲ್ಲ. ಪ್ಯಾನನ್ನು ತಲೆಕೆಳಗೆ ಬೆಂಚ್ ಮೇಲಿಟ್ಟು, ಸುತ್ತಿಗೆ ನನ್ನ ಕೈಗೆ ಕೊಟ್ಟು ಹೋದರು. ನಿಮ್ಮದು ಎರಡು ಸಲ ಬಿಚ್ಚಿದ ಪ್ಯಾನ್. ಅಂಚು ಮಟ್ಟವಾಗಿದೆಯಾ ಅಂತ ಗಾಜಿನ ಮೇಲಿಟ್ಟು ನೋಡಿ. ಸಿಲಿಕಾನ್ ಬಳಿಯಬೇಡಿ. ಸೋರಿಕೆ ನಿಲ್ಲಿಸುತ್ತೇನೆ ಅನ್ನುವ ಡಬ್ಬಿ ಔಷಧಿಗಳಿಗೂ ದುಡ್ಡು ಹಾಕಬೇಡಿ.

ಇನ್ನೊಂದು, ಕೆಲಸದ ನಡುವೆ ಎರಡು ನಿಮಿಷದ್ದು. ಗೇರ್‌ಬಾಕ್ಸಿನ ಬಲಬದಿ ಹಿಂದೆ, ಎಂಜಿನ್ನಿನ ಎಳೆತ ನೋಡಿ ಗೇರ್ ಬದಲಾವಣೆ ಹೊಂದಿಸುವ ಡಬ್ಬಿಯಂಥ ವ್ಯಾಕ್ಯೂಮ್ ಮಾಡ್ಯುಲೇಟರ್ ಇದೆ. ಅದರಿಂದ ಎಂಜಿನ್ನಿಗೆ ಹೋಗುವ ರಬ್ಬರ್ ನಳಿಗೆ ಕಿತ್ತು ಒಳಗೆ ನೋಡಿ. ಕೆಂಪು ಎಣ್ಣೆ ಇದ್ದರೆ ಒಳಗಿನ ಪೊರೆ ಹರಿದಿದೆ. ಆಗ ಎಣ್ಣೆ ನೆಲಕ್ಕೆ ಬೀಳುವುದಿಲ್ಲ. ಎಂಜಿನ್ನೇ ಅದನ್ನು ಕುಡಿದು ಸೈಲೆನ್ಸರ್‌ನಲ್ಲಿ ಬಿಳಿ ಹೊಗೆ ಬಿಡುತ್ತದೆ. ಒಂದೇ ಬೋಲ್ಟ್, ಬದಲಾಯಿಸುವುದು ಸುಲಭ.

ಇಷ್ಟೆಲ್ಲ ಮಾಡಿದರೂ ಕನ್ವರ್ಟರ್‌ನಿಂದ ಎಣ್ಣೆ ಇಳಿಯುವುದು ನಿಲ್ಲುವುದಿಲ್ಲ. ಅದು ಆ ಗೇರ್‌ಬಾಕ್ಸಿನ ಗುಣ. ಹೊರಗೆ ಬರುವ ದಾರಿ ಮಾತ್ರ ಮುಚ್ಚುತ್ತದೆ. ಏಪ್ರಿಲ್‌ನಲ್ಲಿ ಸ್ಟಾರ್ಟ್ ಮಾಡಿದ ಕೂಡಲೇ ಡ್ರೈವ್‌ಗೆ ಹಾಕಿ ಹೊರಡಬೇಡಿ. ಒಂದೆರಡು ನಿಮಿಷ ಪಾರ್ಕ್‌ನಲ್ಲೇ ಬಿಡಿ, ಕನ್ವರ್ಟರ್ ತುಂಬಿಕೊಳ್ಳಲಿ.

ಪ್ರಶ್ನೆ: ನನ್ನ 1970ರ ಎಂಜಿಬಿ ಕಾರಿನಲ್ಲಿ ಎಂಜಿನ್ ಮತ್ತು ಗೇರ್‌ಬಾಕ್ಸ್ ಕೂಡುವ ಕವಚ (ಬೆಲ್ ಹೌಸಿಂಗ್) ಇದೆಯಲ್ಲ, ಅದರ ಅಡಿಯಲ್ಲಿ ಒಂದು ತೂತು, ಅದರಲ್ಲಿ ಸ್ಪ್ಲಿಟ್ ಪಿನ್ ನೇತಾಡುತ್ತಿದೆ. ಅಲ್ಲಿಂದ ಎಣ್ಣೆ ತೊಟ್ಟಿಕ್ಕುತ್ತದೆ. ಎಂ-ಸೀಲ್ ಹಾಕಿ ಮುಚ್ಚಲೇ?
(ಬೆಂಗಳೂರು)

ಉತ್ತರ: ಅಯ್ಯೋ, ಬೇಡ! ಎಣ್ಣೆ ಹೊರಗೆ ಬರಲಿ ಅಂತಲೇ ಇಟ್ಟ ತೂತು ಅದು. ಪಿನ್ ಅಲುಗಾಡುತ್ತಾ ಕೊಳೆ ಕಟ್ಟದ ಹಾಗೆ ನೋಡಿಕೊಳ್ಳುತ್ತದೆ. ಮುಚ್ಚಿದರೆ ಎಣ್ಣೆ ಒಳಗೇ ನಿಂತು ಕ್ಲಚ್ ಜಾರುತ್ತದೆ. ಎಂಜಿನ್ ಹಿಂದಿನ ಸೀಲ್ ಹೋಗಿರಬಹುದು, ಗೇರ್‌ಬಾಕ್ಸ್ ಮುಂದಿನದೂ ಇರಬಹುದು. ಈ ಗಾಡಿಯಲ್ಲಿ ಎರಡಕ್ಕೂ ಎಂಜಿನ್ ಆಯಿಲ್ಲೇ ಹಾಕುವುದರಿಂದ ಬಣ್ಣ ನೋಡಿ ಹೇಳುವುದು ಕಷ್ಟ. ಕಪ್ಪಾಗಿದ್ದರೆ ಎಂಜಿನ್ ಮೇಲೆ ಜಾಸ್ತಿ ಅನುಮಾನ. ದಿನಕ್ಕೆ ನಾಲ್ಕು ಹನಿಯಾದರೆ ಕೆಳಗೊಂದು ತಟ್ಟೆ ಇಟ್ಟು ಸುಮ್ನೆ ಓಡಿಸಿ, ಆಗಾಗ ಎರಡರ ಮಟ್ಟವನ್ನೂ ನೋಡುತ್ತಿರಿ. ಕ್ಲಚ್ ಬದಲಾಯಿಸಲು ಹೇಗೂ ಎಂಜಿನ್ ಹೊರಗೆ ತೆಗೆಯಬೇಕಲ್ವಾ, ಆಗ ಎರಡೂ ಸೀಲ್ ಒಟ್ಟಿಗೆ ಹಾಕಿಸಿಬಿಡಿ.