ಹಗಲೆಲ್ಲ ಊಟ ಬಿಟ್ಟು ರಾತ್ರಿ ಕದ್ದು ತಿನ್ನುವ ಮಗಳು: ಅಡುಗೆಮನೆಗೆ ಬೀಗ ಹಾಕಲೇ?

15 ವರ್ಷದ ಮಗಳು ಬೆಳಿಗ್ಗೆ ತಿಂಡಿ ಮುಟ್ಟುವುದಿಲ್ಲ, ಮಧ್ಯಾಹ್ನದ ಡಬ್ಬಿ ಅರ್ಧ ಹಾಗೇ ವಾಪಸ್, ರಾತ್ರಿ ಎಲ್ಲರೂ ಮಲಗಿದ ಮೇಲೆ ಬಿಸ್ಕತ್ತಿನ ಪೊಟ್ಟಣ ಖಾಲಿ. ಇದು ತಿನ್ನುವ ಚಟವೇ, ಬೀಗ ಹಾಕಲೇ ಎಂದು ಕೇಳಿದ್ದೀರಿ.

ಬೀಗ ಬೇಡ. ರಾತ್ರಿ ಖಾಲಿಯಾಗುವ ಪೊಟ್ಟಣಕ್ಕೆ ಕಾರಣ ಬಹುಮಟ್ಟಿಗೆ ಬೆಳಿಗ್ಗೆ ಬಿಟ್ಟ ತಿಂಡಿ. 1944–45ರಲ್ಲಿ ಅಮೆರಿಕದ ಮಿನ್ನೆಸೋಟದಲ್ಲಿ 36 ಆರೋಗ್ಯವಂತ ಗಂಡಸರನ್ನು ಆರು ತಿಂಗಳು ಅರೆಹೊಟ್ಟೆಯಲ್ಲಿ ಇಟ್ಟು ನೋಡಿದರು. ಅವರಿಗೆ ಊಟದ ಯೋಚನೆ ಬಿಟ್ಟರೆ ಬೇರೇನೂ ಇಲ್ಲವಾಯಿತು. ಕಟ್ಟು ಸಡಿಲಿಸಿದ ಮೇಲೆ ಕೆಲವರಿಗೆ ಹೊಟ್ಟೆ ಬಿರಿದರೂ ನಿಲ್ಲಿಸಲಾಗಲಿಲ್ಲ. ಅವರಿಗೆ ಯಾವ ಚಟವೂ ಇರಲಿಲ್ಲ.

'ಚಟ' ಎಂಬ ಮಾತು ನನಗೆ ಹಿಡಿಸದಿರುವುದೂ ಇದಕ್ಕೇ. ಚಟಕ್ಕೆ ಮದ್ದೆಂದರೆ ಅದನ್ನು ಬಿಡುವುದು. ಇಲ್ಲಿ ಊಟ ಬಿಟ್ಟಷ್ಟೂ ಹೆಚ್ಚುತ್ತದೆ. ಮನೋವೈದ್ಯರು ಬಳಸುವ ಕಾಯಿಲೆಗಳ ಕೈಪಿಡಿ ಡಿಎಸ್‌ಎಂ-5ರಲ್ಲಿ 'ಆಹಾರದ ಚಟ' ಎಂಬ ಕಾಯಿಲೆ ಇಲ್ಲ, 'ಬಿಂಜ್ ಈಟಿಂಗ್' ಇದೆ: ವಾರಕ್ಕೊಮ್ಮೆಯಾದರೂ, ಮೂರು ತಿಂಗಳು, ಹಿಡಿತ ತಪ್ಪಿ ವಿಪರೀತ ತಿನ್ನುವುದು, ಆಮೇಲೆ ನಾಚಿಕೆ, ಸಂಕಟ.

ಮಾಡಬೇಕಾದ್ದು ಹಗಲು ತುಂಬುವುದು. ಮೂರು ಊಟ, ನಡುವೆ ಎರಡು ಸಲ ಸಣ್ಣ ತಿಂಡಿ, ಎಚ್ಚರವಿರುವಾಗ ಮೂರು-ನಾಲ್ಕು ಗಂಟೆಗಿಂತ ಹೆಚ್ಚು ಅಂತರ ಬೇಡ. ರಾತ್ರಿ ತಿಂದದ್ದಕ್ಕೆ ಬೆಳಿಗ್ಗೆ ಹಸಿವಿರುವುದಿಲ್ಲ, ನಿಜ. ಒಂದು ಲೋಟ ಹಾಲು, ಒಂದು ಹಣ್ಣಿನಿಂದ ಶುರುಮಾಡಿ. ರಾತ್ರಿ ಅತಿಯಾಗಿ ತಿಂದ ಮರುದಿನವೇ ಹೆಚ್ಚಿನವರು ಎಡವುವುದು: 'ಇವತ್ತು ಉಪವಾಸ ಇದ್ದು ಸರಿದೂಗಿಸ್ತೀನಿ' ಅನ್ನುತ್ತಾರೆ, ಅಂದು ರಾತ್ರಿ ಮತ್ತದೇ ಕಥೆ. ಶಾಲೆಯಿಂದ ಬಂದ ಕೂಡಲೇ ಹೊಟ್ಟೆ ತುಂಬುವಂಥದ್ದು ಕೊಡಿ. ಆ ಬಿಸ್ಕತ್ತನ್ನೂ ವಾರಕ್ಕೆರಡು ಸಲ ಎಲ್ಲರೆದುರು ತಟ್ಟೆಗೆ ಹಾಕಿಕೊಡಿ. ಬಚ್ಚಿಟ್ಟರೆ ಅದರ ರುಚಿ ಇನ್ನೂ ಏರುತ್ತದೆ.

ಖಾಲಿ ಪೊಟ್ಟಣ ಎಣಿಸಬೇಡಿ, ಮೈ ಬಗ್ಗೆ ತಮಾಷೆಗೂ ಆಡಬೇಡಿ. 'ರಾತ್ರಿ ಹಸಿವಾಗುತ್ತಾ ಕಂದಾ? ನಾಳೆಯಿಂದ ಸಂಜೆಗೆ ಸ್ವಲ್ಪ ಜಾಸ್ತಿ ಮಾಡ್ತೀನಿ' ಅಂದರೆ ಸಾಕು.

ಆದರೆ ಊಟವಾದ ಕೂಡಲೇ ಬಚ್ಚಲಿಗೆ ಹೋಗಿ ನಲ್ಲಿ ಬಿಡುವುದು, ಕಿವಿಯ ಕೆಳಗೆ ಕೆನ್ನೆ ಊದುವುದು, ಬೆರಳ ಗೆಣ್ಣಿನ ಮೇಲೆ ಗಾಯ, ಭೇದಿ ಮಾಡಿಸುವ ಮಾತ್ರೆ, ಮುಟ್ಟು ನಿಲ್ಲುವುದು, ತಲೆಸುತ್ತು: ಇವುಗಳಲ್ಲಿ ಒಂದು ಕಂಡರೂ ಕಾಯಬೇಡಿ, ವೈದ್ಯರಿಗೆ ತೋರಿಸಿ. ತಿಂದದ್ದನ್ನು ಬೇಕೆಂದೇ ವಾಂತಿ ಮಾಡುತ್ತಿರಬಹುದು. ತೂಕ ಸರಿಯಾಗಿದ್ದರೂ ವಾಂತಿಯಿಂದ ರಕ್ತದ ಪೊಟ್ಯಾಸಿಯಂ ಕುಸಿದು ಹೃದಯದ ಬಡಿತ ತಪ್ಪಬಹುದು. ರಕ್ತಪರೀಕ್ಷೆ, ಇಸಿಜಿ ಬೇಕಾಗುತ್ತದೆ. ಎಚ್ಚರ ತಪ್ಪಿದರೆ ಅಂದೇ ಆಸ್ಪತ್ರೆಗೆ. ವಾಂತಿಯಾದ ತಕ್ಷಣ ಹಲ್ಲುಜ್ಜಬಾರದು, ಆಮ್ಲಕ್ಕೆ ಮೆತ್ತಗಾದ ಹಲ್ಲಿನ ಹೊದಿಕೆ ಸವೆಯುತ್ತದೆ. ನೀರಿನಲ್ಲಿ ಬಾಯಿ ಮುಕ್ಕಳಿಸಲಿ.

ವೈದ್ಯರ ಮುಂದೆ 'ಇವಳ ತೂಕ ಇಳಿಸಿಕೊಡಿ' ಎಂದು ಮಾತು ತೆಗೆಯಬೇಡಿ, ಕೈಗೆ ಡಯಟ್ ಚಾರ್ಟ್ ಬರುತ್ತದೆ. 'ಹಗಲು ತಿನ್ನಲ್ಲ, ರಾತ್ರಿ ನಿಲ್ಲಿಸೋಕಾಗಲ್ಲ' ಅನ್ನಿ. ಆಮೇಲೆ ಸ್ವಲ್ಪ ಹೊತ್ತು ನೀವು ಹೊರಗೆ ಕೂತು, ಅವಳೊಬ್ಬಳೇ ಮಾತಾಡಲು ಬಿಡಿ.